ಚದುರಂಗದ ಹಲಗೆಯ ಮಂಡಕ್ಕಿ: 18446744073709551615 ಅನ್ನು ಪೂರ್ತಿ ಒಡೆಯುವುದು ಹೇಗೆ?

ಪ್ರಶ್ನೆ
ಗಣಿತ ಶಿಕ್ಷಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಪಾಠ ಮಾಡುತ್ತೇನೆ. ಒಂಬತ್ತನೆಯ ತರಗತಿಗೆ ಘಾತಾಂಕಗಳನ್ನು ಹೇಳಿಕೊಡುವಾಗ ಚದುರಂಗದ ಹಲಗೆಯ ಹಳೆಯ ಕಥೆಯನ್ನು ತರುವುದು ನನ್ನ ರೂಢಿ. ಮೊದಲ ಮನೆಗೆ ಒಂದು ಕಾಳು, ಎರಡನೆಯ ಮನೆಗೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ದುಪ್ಪಟ್ಟಾಗುತ್ತ 64 ಮನೆಗಳು ತುಂಬಬೇಕು. ಕಥೆಯಲ್ಲಿ ಗೋಧಿಯೋ ಅಕ್ಕಿಯೋ ಇರುತ್ತದೆ. ನಮ್ಮ ಮಕ್ಕಳಲ್ಲಿ ಹಲವರ ಮನೆಯವರು ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಾದ್ದರಿಂದ ನಾನು ಮಂಡಕ್ಕಿ ಎಂದೇ ಹೇಳುತ್ತೇನೆ. ಒಟ್ಟು ಮಂಡಕ್ಕಿ 2⁶⁴ − 1. 2, 4, 16, 256, 65536, 4294967296 ಎಂದು ವರ್ಗ ಮಾಡುತ್ತ ಹೋಗಿ, ಕೊನೆಯದನ್ನು ಮತ್ತೊಮ್ಮೆ ವರ್ಗ ಮಾಡಿ ಒಂದನ್ನು ಕಳೆದು, ಕಪ್ಪುಹಲಗೆಯ ಮೇಲೆ ಈ ಸಂಖ್ಯೆಯನ್ನು ಪಡೆದೆವು: 18446744073709551615.

ಪಾಠ ಅಲ್ಲಿಗೆ ಮುಗಿಯಬೇಕಿತ್ತು. ಮಾರನೆಯ ದಿನ ಒಬ್ಬ ಹುಡುಗಿ ತನ್ನ ನೋಟುಪುಸ್ತಕದ ನಾಲ್ಕು ಪುಟ ತುಂಬ ಭಾಗಾಕಾರ ಮಾಡಿಕೊಂಡು ಬಂದಳು. ಕೊನೆಯ ಅಂಕಿ 5 ಇರುವುದರಿಂದ 5 ಹೋಗುತ್ತದೆ. ಅಂಕಿಗಳ ಮೊತ್ತ 87 ಆದ್ದರಿಂದ 3 ಹೋಗುತ್ತದೆ, 9 ಹೋಗುವುದಿಲ್ಲ. 7, 11, 13 ಹೋಗಲಿಲ್ಲ. 17 ಶೇಷವಿಲ್ಲದೆ ಹೋಯಿತು. ಈ ಮೂರನ್ನೂ ತೆಗೆದ ಮೇಲೆ ಉಳಿದದ್ದು 72340172838076673. ಅಲ್ಲಿಂದ ಮುಂದೆ 43ರವರೆಗಿನ ಅವಿಭಾಜ್ಯಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಯಾವುದೂ ಹೋಗದೆ ನಿಲ್ಲಿಸಿದ್ದಾಳೆ.

ತಾಳೆ ನೋಡೋಣವೆಂದು ಶಾಲೆಯ ಗಣಕಯಂತ್ರದಲ್ಲಿ ಸ್ಪ್ರೆಡ್‌ಶೀಟ್ ತೆರೆದು ಅದೇ ಲೆಕ್ಕವನ್ನು ಕೊಟ್ಟಾಗ 18446744073709600000 ಎಂದು ಬಂತು. ಆಕೆ ತಕ್ಷಣ ಅಂಕಿಗಳನ್ನು ಕೂಡಿ, ‘ಮೇಡಂ, ಮೊತ್ತ 70 ಬರುತ್ತದೆ, ಇದಕ್ಕೆ ಮೂರು ಹೋಗುವುದಿಲ್ಲ, ಕಂಪ್ಯೂಟರ್ ತಪ್ಪು ಮಾಡಿದೆ’ ಎಂದಳು. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಆಕೆಗೆ ಏನು ಹೇಳಬೇಕೆಂದು ನನಗೂ ಆ ಕ್ಷಣ ತಿಳಿಯಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. 3, 5, 17 ಇವು ಯಾದೃಚ್ಛಿಕವಾಗಿ ಬಂದವೇ ಅಥವಾ ಇದರಲ್ಲಿ ಕ್ರಮವಿದೆಯೇ? ಉಳಿದ ಹದಿನೇಳು ಅಂಕಿಯ ಸಂಖ್ಯೆಯನ್ನು ಒಂಬತ್ತನೆಯ ತರಗತಿಯ ಹುಡುಗಿ ಕಾಗದದ ಮೇಲೆಯೇ ಒಡೆಯುವ ದಾರಿ ಇದೆಯೇ? ಗಣಕಯಂತ್ರ ಹಾಗೇಕೆ ತೋರಿಸಿತು?

ಉತ್ತರ 1
ಹರಿಹರದ ಓದುಗ

ಮೇಡಂ, ವರ್ಗಗಳ ವ್ಯತ್ಯಾಸದ ನಿತ್ಯಸಮೀಕರಣವನ್ನೇ ಮತ್ತೆ ಮತ್ತೆ ಬಳಸಿದರೆ ಸಾಕು. 2⁶⁴ − 1 ಎಂದರೆ (2³² + 1)(2³² − 1); ಎರಡನೆಯ ಆವರಣವನ್ನು ಹಾಗೆಯೇ ಒಡೆಯುತ್ತ ಹೋದರೆ 3 × 5 × 17 × 257 × 65537 × 4294967297 ಸಿಗುತ್ತದೆ. ಎಲ್ಲವೂ ಒಂದೇ ಅಚ್ಚಿನವು (ನೀವು ವರ್ಗ ಮಾಡುತ್ತ ಪಡೆದ 2, 4, 16, 256 ಮುಂತಾದವಕ್ಕೆ ಒಂದು ಕೂಡಿದವು), ಎಲ್ಲವೂ ಅವಿಭಾಜ್ಯಗಳು. ಲೆಕ್ಕ ಮುಗಿಯಿತು.

ಉತ್ತರ 2
ನಿವೃತ್ತ ಗಣಿತ ಉಪನ್ಯಾಸಕ, ಚಿತ್ರದುರ್ಗ

ಹರಿಹರದ ಮಿತ್ರರು ತೋರಿಸಿದ ದಾರಿ ಸರಿಯಾಗಿದೆ, ಆದರೆ ಕೊನೆಯ ಮಾತು ಸರಿಯಿಲ್ಲ. 4294967297 ಅವಿಭಾಜ್ಯವಲ್ಲ. ಇದಕ್ಕಾಗಿ ಅವರು ಸಂಕೋಚ ಪಡಬೇಕಾಗಿಯೂ ಇಲ್ಲ; ಈ ಅಚ್ಚಿನ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ ಇರಬೇಕೆಂದು 1640ರಲ್ಲಿ ಊಹಿಸಿದವನು ಸ್ವತಃ ಫರ್ಮಾ ಎಂಬ ಪ್ರಖ್ಯಾತ ಫ್ರೆಂಚ್ ಗಣಿತಜ್ಞ. ಆ ಊಹೆ ಸುಮಾರು ತೊಂಬತ್ತು ವರ್ಷ ಉಳಿದುಕೊಂಡಿತ್ತು. 1732ರಲ್ಲಿ ಗಣಿತಜ್ಞ ಆಯ್ಲರ್, 4294967297 = 641 × 6700417 ಎಂದು ತೋರಿಸಿದಾಗ ಅದು ಬಿತ್ತು. ಮೊದಲ ಐದು ಅವಿಭಾಜ್ಯಗಳೆಂಬುದು ನಿಜ. 65537ರ ನಂತರ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇಂದಿನವರೆಗೆ ಯಾರಿಗೂ ಸಿಕ್ಕಿಲ್ಲ.

ಹಾಗಾಗಿ ಪೂರ್ತಿ ಒಡೆದ ರೂಪ ಇದು: 3 × 5 × 17 × 257 × 641 × 65537 × 6700417. ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಬರುವುದಿಲ್ಲ. ಏಳು ಸುತ್ತಿನ ಕೋಟೆಯ ಊರಿನವನಾದ ನನಗೆ ಈ ಏಳು ಮೊದಲಿನಿಂದಲೂ ಪ್ರಿಯ. ನಮ್ಮ ಕೋಟೆಯಂತೆಯೇ ಇದರಲ್ಲೂ ಹೊರಗಿನ ಸುತ್ತುಗಳನ್ನು ದಾಟುವುದು ಸುಲಭ. ಕಷ್ಟವೆಲ್ಲ ಒಳಗೆ ಇದೆ.

ಈಗ ಕ್ರಮದ ಪ್ರಶ್ನೆಗೆ ಬರುತ್ತೇನೆ. ನಿತ್ಯಸಮೀಕರಣ ಬರೆದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ, ಆದರೆ ಕಾಣುವುದಿಲ್ಲ. ನಾನು ಪಾಠ ಮಾಡುತ್ತಿದ್ದಾಗ ಚಾರ್ಟ್ ಪೇಪರಿನ ಮೇಲೆ ಹಲಗೆಯನ್ನು ಬರೆಸಿ, ಕತ್ತರಿ ಕೊಡುತ್ತಿದ್ದೆ. ಹಲಗೆಯನ್ನು ನಡುವೆ ಅಡ್ಡಕ್ಕೆ ಕತ್ತರಿಸಿ, ಕೆಳಗಿನ ನಾಲ್ಕು ಸಾಲುಗಳನ್ನು ಮೇಲಿನ ನಾಲ್ಕು ಸಾಲುಗಳ ಪಕ್ಕದಲ್ಲಿ ಮನೆಗೆ ಮನೆ ಸಮನಾಗಿ ಇಡಿ. ಒಂದನೆಯ ಮನೆಯ ಎದುರಿಗೆ ಮೂವತ್ತಮೂರನೆಯದು, ಎರಡನೆಯದರ ಎದುರಿಗೆ ಮೂವತ್ತನಾಲ್ಕನೆಯದು ಬರುತ್ತದೆ. ಪ್ರತಿ ಜೋಡಿಯಲ್ಲೂ ಎರಡನೆಯ ಮನೆಯ ಮಂಡಕ್ಕಿ ಮೊದಲನೆಯದರ 2³² ಪಟ್ಟು. ಅಂದರೆ ಇಡೀ ಹಲಗೆಯ ಮೊತ್ತವು ಮೇಲಿನ ಅರ್ಧದ ಮೊತ್ತದ (2³² + 1) ಪಟ್ಟು. ಮೇಲಿನ ಅರ್ಧವನ್ನು ಮತ್ತೆ ಕತ್ತರಿಸಿದರೆ 65537 ಉದುರುತ್ತದೆ. ಮತ್ತೊಂದು ಸಲ ಕತ್ತರಿಸಿದರೆ 257. ಈಗ ಕೈಯಲ್ಲಿ ಉಳಿದಿರುವುದು ಮೊದಲ ಸಾಲಿನ ಎಂಟು ಮನೆ, ಅದರ ಮೊತ್ತ 255. ಅದನ್ನು ಮೂರು ಸಲ ಕತ್ತರಿಸಿದರೆ 17, 5, 3. ಆರು ಕತ್ತರಿ, ಆರು ಗುಣಕಗಳು, ಕೊನೆಗೆ ಒಂದೇ ಕಾಳಿನ ಒಂದು ಮನೆ. ನಿಮ್ಮ ಹುಡುಗಿ ನಾಲ್ಕು ಪುಟದಲ್ಲಿ ಕಂಡುಕೊಂಡ 3, 5, 17 ಎಂದರೆ ಆ ಮೊದಲ ಸಾಲೇ. ಎರಡನೆಯ ಸಾಲಿನ ಪ್ರತಿ ಮನೆಯೂ ಮೊದಲ ಸಾಲಿನ 256 ಪಟ್ಟು, ಮೂರನೆಯದು ಎರಡನೆಯದರ 256 ಪಟ್ಟು. ಎಂಟೂ ಸಾಲುಗಳು 255ರಿಂದ ಭಾಗವಾಗಲೇಬೇಕು.

641ಕ್ಕೆ ಮಾತ್ರ ಕತ್ತರಿ ಸಾಲದು. ಆದರೆ ಒಂಬತ್ತನೆಯ ತರಗತಿಯವರಿಗೆ ಅರ್ಥವಾಗುವ, ದೊಡ್ಡ ಭಾಗಾಕಾರವೇ ಬೇಡದ ಒಂದು ಸಾಧನೆ ಇದೆ, ಅದನ್ನು ಪೂರ್ತಿಯಾಗಿ ಬರೆಯುತ್ತೇನೆ. 641 ಅನ್ನು ಎರಡು ರೀತಿಯಲ್ಲಿ ಬರೆಯಬಹುದು: 640 + 1, ಅಂದರೆ 5 × 2⁷ + 1, ಮತ್ತು 625 + 16, ಅಂದರೆ 5⁴ + 2⁴. ಎರಡನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಸಿಗುತ್ತದೆ. ಇದು 641ರಿಂದ ಭಾಗವಾಗುತ್ತದೆ ಎಂಬುದು ಸ್ಪಷ್ಟ. ಇನ್ನೊಂದು ಕಡೆ 5⁴ × 2²⁸ ಎಂಬುದು 5 × 2⁷ರ ನಾಲ್ಕನೆಯ ಘಾತ, ಅಂದರೆ 640⁴. ಅದರಿಂದ ಒಂದನ್ನು ಕಳೆದರೆ 640⁴ − 1. ಇದರಲ್ಲಿ 640 + 1 ಒಂದು ಅಪವರ್ತನವಾಗಿರುವುದರಿಂದ ಇದೂ 641ರಿಂದ ಭಾಗವಾಗುತ್ತದೆ. ಈಗ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. 5⁴ × 2²⁸ ಎರಡೂ ಕಡೆ ಇರುವುದರಿಂದ ಹೊರಟುಹೋಗಿ 2³² + 1 ಮಾತ್ರ ಉಳಿಯುತ್ತದೆ. 641ರಿಂದ ಭಾಗವಾಗುವ ಎರಡು ಸಂಖ್ಯೆಗಳ ವ್ಯತ್ಯಾಸವೂ ಅದರಿಂದ ಭಾಗವಾಗಲೇಬೇಕು. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಕಪ್ಪುಹಲಗೆಯ ಮೇಲೆ ಇದಕ್ಕಿಂತ ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವ ಸಾಧನೆಯನ್ನು ಹೆಚ್ಚು ಕಂಡಿಲ್ಲ.

ಇನ್ನೊಂದು ಸಣ್ಣ ವಿಷಯ. ಏಳು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಆದ್ದರಿಂದ ಈ ಸಂಖ್ಯೆಯ ಒಟ್ಟು ಭಾಜಕಗಳು 2⁷, ಅಂದರೆ 128. ಅದು ಮೊದಲ ಸಾಲಿನ ಕೊನೆಯ ಮನೆಯ ಮಂಡಕ್ಕಿಯ ಲೆಕ್ಕವೂ ಹೌದು; ಕಾಕತಾಳೀಯ, ಆದರೆ ಮಕ್ಕಳಿಗೆ ಹಿಡಿಸುತ್ತದೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಬಾಯಲ್ಲಿ ಹೇಳುವುದು ಹೇಗೆಂದು ಯಾರಾದರೂ ಕೇಳಿದರೆ, ನಮ್ಮ ನೆಲದಲ್ಲಿಯೇ ಉತ್ತರವಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೆಯ ಶತಮಾನದಲ್ಲಿಯೇ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ನಮ್ಮ ಸಂಖ್ಯೆಗೆ ಇಪ್ಪತ್ತು ಅಂಕಿಗಳು. ಎಡತುದಿಯ 1 ನಿಲ್ಲುವುದು ಮಹಾಶಂಖದ ಸ್ಥಾನದಲ್ಲಿ, ಅದರ ಪಕ್ಕದ 8 ಶಂಖದ ಸ್ಥಾನದಲ್ಲಿ.

ಉತ್ತರ 3
ತಂತ್ರಾಂಶ ಉದ್ಯೋಗಿ, ಮೂಲತಃ ಚಳ್ಳಕೆರೆ

ಗಣಕಯಂತ್ರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹುಡುಗಿ ಹೇಳಿದ್ದು ಸರಿ, ನಕ್ಕವರು ತಪ್ಪು.

ಬಹುತೇಕ ಸ್ಪ್ರೆಡ್‌ಶೀಟ್‌ಗಳು ಸಂಖ್ಯೆಯನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 64 ಬಿಟ್‌ಗಳ (0 ಅಥವಾ 1 ಮಾತ್ರ ಹಿಡಿಯುವ ಸ್ಥಾನಗಳ) ಒಂದು ಗೂಡಿನಲ್ಲಿ ಸ್ವಲ್ಪ ಭಾಗವನ್ನು ಘಾತಾಂಕಕ್ಕೆ ಕೊಟ್ಟು, ಉಳಿದ ಭಾಗದಲ್ಲಿ ಅಂಕಿಗಳನ್ನು ಇಡುತ್ತವೆ. ಹೀಗಾಗಿ ದ್ವಿಮಾನದಲ್ಲಿ 53 ಸ್ಥಾನಗಳಷ್ಟು ಮಾತ್ರ ನಿಖರತೆ ಇರುತ್ತದೆ. 9007199254740992, ಅಂದರೆ 2⁵³, ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳಿಗೂ ಅಲ್ಲಿ ಜಾಗವಿಲ್ಲ. 2⁶⁴ರ ಸ್ವಲ್ಪ ಕೆಳಗೆ ಇಂತಹ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆ 2048ರ ಅಂತರವಿರುತ್ತದೆ. ಹಾಗಿರುವಾಗ ಒಂದು ಕಾಳನ್ನು ಕಳೆಯಿರಿ ಎಂದು ನೀವು ಕೊಟ್ಟ ಆಜ್ಞೆಯನ್ನು ಅದು ಪಾಲಿಸಿದಂತೆ ಮಾಡಿ, ಒಳಗೆ 2⁶⁴ ಅನ್ನೇ ಇಟ್ಟುಕೊಂಡಿತು. ತೋರಿಸುವಾಗ ಹದಿನೈದು ಅಂಕಿಗಳಿಗೆ ಸರಿದೂಗಿಸಿ, ಉಳಿದ ಐದು ಸ್ಥಾನಗಳಿಗೆ ಸೊನ್ನೆ ತುಂಬಿತು. ಅಂಗಡಿಯವರು ಚಿಲ್ಲರೆ ಬಿಟ್ಟು ಲೆಕ್ಕ ಹೇಳಿದಂತೆ ಇದು. ವ್ಯಾಪಾರಕ್ಕೆ ನಡೆಯುತ್ತದೆ, ಭಾಜ್ಯತೆಗೆ ನಡೆಯುವುದಿಲ್ಲ, ಏಕೆಂದರೆ ಭಾಜ್ಯತೆ ಇರುವುದೇ ಚಿಲ್ಲರೆಯಲ್ಲಿ.

ತಮಾಷೆಯೆಂದರೆ, ಪೂರ್ಣಾಂಕವಾಗಿ ಇಟ್ಟುಕೊಂಡರೆ ಇದೇ ಸಂಖ್ಯೆ ಗಣಕಯಂತ್ರಕ್ಕೆ ಬಲು ಪರಿಚಿತ. 64 ಬಿಟ್‌ಗಳೆಂದರೆ 64 ಮನೆಗಳು. ಬಿಟ್ 1 ಆಗಿದ್ದರೆ ಆ ಮನೆಯ ಮಂಡಕ್ಕಿ ಲೆಕ್ಕಕ್ಕೆ ಬಂತು, 0 ಆಗಿದ್ದರೆ ಬರಲಿಲ್ಲ. ಎಲ್ಲವೂ 1 ಆದಾಗ ಸಿಗುವ ಗರಿಷ್ಠ ಸಂಖ್ಯೆಯೇ 18446744073709551615. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೂರ್ಣಾಂಕಗಳಿಗೆ ಅಂಕಿಗಳ ಮಿತಿಯಿಲ್ಲ. ಅಲ್ಲಿ ಕೇಳಿದರೆ ಇಪ್ಪತ್ತೂ ಅಂಕಿಗಳು ಸರಿಯಾಗಿ ಬರುತ್ತವೆ.

ಯಂತ್ರವಿಲ್ಲದೆ ತಾಳೆ ನೋಡುವ ಉಪಾಯವೊಂದನ್ನು ಆ ಹುಡುಗಿಗೆ ತಿಳಿಸಿ. 7, 11, 13 ಈ ಮೂರರ ಗುಣಲಬ್ಧ 1001. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ, ಒಂದು ಬಿಟ್ಟು ಒಂದು ಕೂಡುತ್ತ ಕಳೆಯುತ್ತ ಹೋಗಬೇಕು: 615 − 551 + 709 − 73 + 744 − 446 + 18 = 1016. ಅದರಲ್ಲಿ 1001 ತೆಗೆದರೆ 15. ಆದ್ದರಿಂದ 7ರಿಂದ ಭಾಗಿಸಿದರೆ ಶೇಷ 1, 11ರಿಂದ 4, 13ರಿಂದ 2. ಮೂರೂ ಹೋಗುವುದಿಲ್ಲವೆಂದು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಆಕೆ ಇದಕ್ಕಾಗಿ ಒಂದು ಪುಟ ಬಳಸಿರಬೇಕು.

ಉತ್ತರ 4
ಗಣಿತ ಸ್ನಾತಕೋತ್ತರ ವಿದ್ಯಾರ್ಥಿ, ದಾವಣಗೆರೆ

ದುರ್ಗದ ಗುರುಗಳ ಉತ್ತರಕ್ಕೆ ಒಂದು ಸೇರ್ಪಡೆ. 641 ಸಿಕ್ಕಿದ ಮೇಲೆ ಅದು ಸರಿಯೆಂದು ಸಾಧಿಸುವುದು ಸುಲಭ. ಆದರೆ ಅದನ್ನು ಹುಡುಕುವುದು ಹೇಗೆ, ಮತ್ತು 6700417 ಅವಿಭಾಜ್ಯವೆಂದು ನಂಬುವುದು ಹೇಗೆ ಎಂಬ ಎರಡು ಪ್ರಶ್ನೆಗಳು ಉಳಿದಿವೆ. ಎರಡಕ್ಕೂ ಉತ್ತರ ಒಂದೇ.

ಒಂದು ಬೆಸ ಅವಿಭಾಜ್ಯವನ್ನು ತೆಗೆದುಕೊಂಡು 1, 2, 4, 8, 16 ಎಂಬ ಮನೆಗಳನ್ನು ಅದರಿಂದ ಭಾಗಿಸುತ್ತ ಶೇಷಗಳನ್ನು ಬರೆಯುತ್ತ ಹೋದರೆ, ಎಲ್ಲೋ ಒಂದು ಕಡೆ ಮತ್ತೆ 1 ಬಂದು ಶೇಷಗಳು ಮೊದಲಿನಿಂದ ಸುತ್ತತೊಡಗುತ್ತವೆ. ಉದಾಹರಣೆಗೆ 7ಕ್ಕೆ 1, 2, 4, ಮತ್ತೆ 1. ಸುತ್ತಿನ ಉದ್ದ 3. ಸುತ್ತಿನ ಉದ್ದವು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಭಾಗಿಸಲೇಬೇಕು ಎಂಬುದು ಫರ್ಮಾನ ಚಿಕ್ಕ ಪ್ರಮೇಯದಿಂದ ಬರುತ್ತದೆ. 2³² + 1 ಅನ್ನು ಭಾಗಿಸುವ ಅವಿಭಾಜ್ಯದ ವಿಷಯದಲ್ಲಿ, 2³²ರ ಶೇಷ −1 ಆಗುವುದರಿಂದ ಸುತ್ತು 32ರಲ್ಲಿ ಮುಗಿಯುವುದಿಲ್ಲ, 64ರಲ್ಲಿಯೇ ಮುಗಿಯುತ್ತದೆ. ಹಾಗಾಗಿ ಅಂತಹ ಅವಿಭಾಜ್ಯವು 64ಕ + 1 ಎಂಬ ರೂಪದ್ದೇ ಆಗಿರಬೇಕು (ಕ ಎಂದರೆ ಯಾವುದಾದರೂ ಪೂರ್ಣಾಂಕ). ಆಯ್ಲರ್ ಬಳಸಿದ್ದು ಇದನ್ನೇ. ಈ ರೂಪದ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೆ ಉತ್ತರ ಸಿಗುತ್ತದೆ. 43ರವರೆಗೆ ಭಾಗಿಸಿ ದಣಿದ ಹುಡುಗಿಗೆ ಇದನ್ನು ಹೇಳಿದರೆ ಸ್ವಲ್ಪ ಕೋಪ ಬರಬಹುದು.

ಮುಂದೆ 19ನೆಯ ಶತಮಾನದಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಆ ರೂಪ 64ಕ + 1 ಅಲ್ಲ, 128ಕ + 1 ಎಂದು ಬಿಗಿಗೊಳಿಸಿದ. ಆಗ 193, 449, 577 ಬಿದ್ದುಹೋಗಿ 257 ಮತ್ತು 641 ಮಾತ್ರ ಉಳಿಯುತ್ತವೆ. (64 ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ ಹನೋಯ್ ಗೋಪುರದ ಒಗಟನ್ನು 1883ರಲ್ಲಿ ಹೊರತಂದವನೂ ಇವನೇ, ಅದಕ್ಕೆ ಬೇಕಾದ ಕನಿಷ್ಠ ನಡೆಗಳ ಸಂಖ್ಯೆ ನಮ್ಮ ಇದೇ 2⁶⁴ − 1.)

ಈಗ 6700417. ಇದರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ದಾರಿಯಲ್ಲಿ ಅಷ್ಟರೊಳಗಿನ ನೂರಾರು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಆದರೆ ಇದು 2³² + 1ರ ಅಪವರ್ತನವಾದ್ದರಿಂದ ಇದರ ಅಪವರ್ತನಗಳೂ 128ಕ + 1 ರೂಪದವೇ ಆಗಬೇಕು. 2588ರೊಳಗೆ ಅಂತಹ ಅವಿಭಾಜ್ಯಗಳು ಐದೇ ಐದು: 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಿಲ್ಲ, ಆದ್ದರಿಂದ 6700417 ಅವಿಭಾಜ್ಯ. 65537ಕ್ಕೆ ಇನ್ನೂ ಸುಲಭ: ಅದು 2¹⁶ + 1 ಆದ್ದರಿಂದ ಸುತ್ತಿನ ಉದ್ದ 32, ಲ್ಯೂಕಾ ಬಿಗಿಗೊಳಿಸಿದ ರೂಪ 64ಕ + 1; ಆ ರೂಪದಲ್ಲಿ 256ರೊಳಗೆ ಇರುವ ಅವಿಭಾಜ್ಯ 193 ಒಂದೇ, ಅದರಿಂದ ಭಾಗಿಸಿದರೆ ಶೇಷ 110. ಒಂದೇ ಭಾಗಾಕಾರದಲ್ಲಿ ಐದಂಕಿಯ ಸಂಖ್ಯೆಯೊಂದು ಅವಿಭಾಜ್ಯವೆಂದು ತೀರ್ಮಾನವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಚಾರ್ಟ್ ಪೇಪರ್ ಕತ್ತರಿಸುವ ಪಾಠವನ್ನು ನಿನ್ನೆ ಮಾಡಿದೆ. ಕೊನೆಯ ಒಂದು ಮನೆ ಕೈಯಲ್ಲಿ ಉಳಿದಾಗ ಹಿಂದಿನ ಬೆಂಚಿನವರೂ ಎದ್ದು ಬಂದರು. 6700417ರ ಐದು ಭಾಗಾಕಾರಗಳನ್ನು ಐದು ಗುಂಪುಗಳಿಗೆ ಹಂಚಿದೆ. 1153 ಸಿಕ್ಕಿದ ಗುಂಪು ಮೊದಲು 333 ಎಂದು ಶೇಷ ತಂದು, ಮತ್ತೆ ಮಾಡಿ 334 ಎಂದು ತಿದ್ದಿತು. ಕಂಪ್ಯೂಟರ್ ವಿಷಯವನ್ನು ಆ ಹುಡುಗಿಯಿಂದಲೇ ತರಗತಿಗೆ ಹೇಳಿಸಿದೆ.

ಆದರೆ ಆಕೆ ಈಗ ಇನ್ನೊಂದು ಪ್ರಶ್ನೆ ತಂದಿದ್ದಾಳೆ: ಹಲಗೆಗೆ ಒಂದು ಮನೆ ಹೆಚ್ಚಿಸಿದರೆ, ಅಥವಾ ಕೊನೆಯ ಕೆಲವು ಮನೆಗಳನ್ನು ಖಾಲಿ ಬಿಟ್ಟರೆ ಏನಾಗುತ್ತದೆ? ಯಾವ ಹಲಗೆಯ ಮೊತ್ತವನ್ನಾದರೂ ಒಡೆಯಲು ಬರುತ್ತದೆಯೇ?

ಉತ್ತರ 5
ನಿವೃತ್ತ ಗಣಿತ ಉಪನ್ಯಾಸಕ, ಚಿತ್ರದುರ್ಗ

ಈ ಪ್ರಶ್ನೆ ಮೊದಲನೆಯದಕ್ಕಿಂತ ಆಳವಾದದ್ದು. ಮನೆಗಳನ್ನು ಒಂದೇ ಉದ್ದನೆಯ ಪಟ್ಟಿಯಾಗಿ ಇಟ್ಟುಕೊಳ್ಳಿ. ಪಟ್ಟಿಯನ್ನು ಸಮಾನ ತುಂಡುಗಳಾಗಿ ಕತ್ತರಿಸಲು ಬಂದರೆ, ಮೊದಲ ತುಂಡಿನ ಮೊತ್ತವು ಇಡೀ ಮೊತ್ತವನ್ನು ಭಾಗಿಸುತ್ತದೆ. ಕಾರಣ ನಿಮ್ಮ 255ರದ್ದೇ. 65 ಮನೆಗಳಾದರೆ ಐದೈದಾಗಿ ಕತ್ತರಿಸಬಹುದು, ಆಗ 31 ಹೋಗುತ್ತದೆ. ಹದಿಮೂರಾಗಿ ಕತ್ತರಿಸಬಹುದು, ಆಗ 8191 ಹೋಗುತ್ತದೆ. ಒಂದು ಮನೆ ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಏಳು ಅವಿಭಾಜ್ಯಗಳಲ್ಲಿ ಒಂದೂ ಉಳಿಯುವುದಿಲ್ಲ. 64 ಮತ್ತು 65ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) 1 ಆದ್ದರಿಂದ ಆ ಎರಡು ಮೊತ್ತಗಳ ಮ.ಸಾ.ಅ. ಕೂಡ 1. ಹಿಂದಕ್ಕೆ ಬಂದರೆ, 63 ಮನೆಗಳನ್ನು ಮೂರು ಮೂರಾಗಿ ಕತ್ತರಿಸಿದಾಗ 7 ಹೋಗುತ್ತದೆ. 62ನ್ನು ಎರಡೆರಡಾಗಿ ಕತ್ತರಿಸಿದಾಗ 3 ಹೋಗುತ್ತದೆ.

61 ಮನೆಗಳನ್ನು ಸಮಾನ ತುಂಡುಗಳಾಗಿ ಕತ್ತರಿಸಲು ಬರುವುದಿಲ್ಲ. ಕೊನೆಯ ಮೂರು ಮನೆಗಳನ್ನು ಖಾಲಿ ಬಿಟ್ಟರೆ ಮೊತ್ತ 2305843009213693951. ಇದು ಅವಿಭಾಜ್ಯವೆಂದು 1883ರಲ್ಲಿ ತೋರಿಸಿದವನು ಪೆರ್ವುಶಿನ್ ಎಂಬ ರಷ್ಯಾದ ಪಾದ್ರಿ. ಹತ್ತೊಂಬತ್ತು ಅಂಕಿಗಳ ಆ ರಾಶಿಯನ್ನು ಎಷ್ಟು ಜನರಿಗೂ ಸಮನಾಗಿ ಹಂಚಲು ಬರುವುದಿಲ್ಲ. ಒಬ್ಬನೇ ಇಟ್ಟುಕೊಳ್ಳಬೇಕು, ಇಲ್ಲವೇ ಜನರಿಗೊಂದು ಕಾಳಿನಂತೆ ಕೊಡಬೇಕು.

ಮನೆಗಳ ಸಂಖ್ಯೆ ಅವಿಭಾಜ್ಯವಾದರೆ ಮೊತ್ತವೂ ಅವಿಭಾಜ್ಯ ಎಂದು ಆಕೆ ಈಗ ಊಹಿಸುತ್ತಾಳೆ, ಊಹಿಸಲಿ. ಹರಿಹರದ ಮಿತ್ರರಂತೆ, ಫರ್ಮಾನಂತೆ, ನಾವೆಲ್ಲ ಅಲ್ಲಿ ಒಮ್ಮೆ ಎಡವಿದವರೇ. ಬೇಡವೆನ್ನದೆ, ಹನ್ನೊಂದು ಮನೆಗಳ ಮೊತ್ತವಾದ 2047ನ್ನು ಒಡೆದು ತರಲು ಹೇಳಿ. ಸಿಗುವ ಎರಡು ಅಪವರ್ತನಗಳನ್ನು 11ರಿಂದ ಭಾಗಿಸಿ ಶೇಷ ಬರೆಯಲಿ. ವಿದ್ಯಾರ್ಥಿ ಮಿತ್ರರು ಹೇಳಿದ ಸುತ್ತಿನ ಮಾತು ಅಲ್ಲಿ ಮತ್ತೆ ಕಾಣಿಸುತ್ತದೆ. ಉತ್ತರವನ್ನು ಇಲ್ಲಿ ಯಾರೂ ಬರೆಯಬೇಡಿ.